ಎರಡೂ ಕೆಂಪು ವೈರು

ಮುಂಬಯಿಯ ಮಲಾಡಿನಲ್ಲಿ ಮೋಟಾರು ವೈರಿಂಗ್ ಅಂಗಡಿ ಇಟ್ಟುಕೊಂಡಿದ್ದ ವರ್ಷಗಳಲ್ಲಿ ನಾನು ಕಂಡುಕೊಂಡದ್ದು ಇಷ್ಟು: ಕಾರು ತಾನಾಗಿ ಕೆಡುವುದು ಅಪರೂಪ. ಅದನ್ನು ತಾವೇ ಸರಿ ಮಾಡಲು ಹೋಗುವ ಪುಣ್ಯಾತ್ಮರಿಂದಲೇ ವಿಜಾಪುರದ ಕಡೆಯ ನನ್ನಂಥವನ ಹೊಟ್ಟೆ ತುಂಬುತ್ತಿತ್ತು. ಅಂಥವರಲ್ಲಿ ಮೊದಲ ಮಣೆ ನಮ್ಮ ಸ್ಟೇಶನ್ ರೋಡಿನ ಹೋಟೆಲಿನ ಧಣಿಗಳಿಗೆ. ಉಡುಪಿ ಕಡೆಯವರು. ಹಳೆಯ ಕಾರೊಂದನ್ನು ಕೊಂಡು ಅದಕ್ಕೆ ದೇವರಿಗಿಂತ ಹೆಚ್ಚು ಉಪಚಾರ ಮಾಡುತ್ತಿದ್ದರು.

೧. ದೊಡ್ಡದಾದ ದೀಪ

ಆ ಭಾನುವಾರ ಸಂಜೆ ಧಣಿಗಳ ಮಗಳನ್ನು ನೋಡಲು ಬೈಕುಲ್ಲಾದಿಂದ ಹುಡುಗನ ತಂದೆತಾಯಿ ಬರುವವರಿದ್ದರು. ಯಾರದೋ ಮದುವೆಯಲ್ಲಿ ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ ಒಪ್ಪಿಯಾಗಿತ್ತು, ಹಿರಿಯರು ಹೂಂ ಎನ್ನುವುದೊಂದೇ ಬಾಕಿ. ಹಿಂದಿನ ಎರಡು ಸಂಬಂಧ ತಪ್ಪಿಹೋಗಿದ್ದರಿಂದ ಧಣಿಗಳಿಗೆ ಒಳಗೊಳಗೇ ಪುಕುಪುಕು. ಬರುವವರನ್ನು ತಮ್ಮ ಕಾರಿನಲ್ಲೇ ಕರೆತರುತ್ತೇನೆಂದು ಮಾತು ಬೇರೆ ಕೊಟ್ಟಿದ್ದರು.

ಬೆಳಿಗ್ಗೆ ಕಾರಿಗೆ ಪೂಜೆ. ಹೆಡ್‌ಲೈಟ್ ಹಾಕಿ ಆರತಿ ಎತ್ತಿದ ಮೇಲೆ ಧಣಿಗಳು ಮಗಳಿಗೆ, "ದೀಪ ದೊಡ್ಡದು ಮಾಡು ಮಗಾ" ಎಂದರು. ದೀಪ ಆರಿಸು ಎನ್ನಬಾರದೆಂದು ನಮ್ಮವರು ಹಾಗೆ ಹೇಳುವುದು. ಆದರೆ ಮಗಳು ಹುಟ್ಟಿ ಬೆಳೆದದ್ದೆಲ್ಲ ಮಲಾಡಿನಲ್ಲಿ. ಅಪ್ಪನ ಮಾತು ಮೀರದೆ ಲೈಟನ್ನು ಇನ್ನೂ ದೊಡ್ಡದು ಮಾಡಿ ಬಂದಳು. ಹಗಲು ಬೆಳಕಿನಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಮಧ್ಯಾಹ್ನ ನೋಡಿದರೆ ಬ್ಯಾಟರಿ ಖಾಲಿ.

"ಪಪ್ಪಾ, ಆಪ್‌ನೇ ಹೀ ತೋ ಬೋಲಾ, ದೊಡ್ಡದು ಕರೋ!"

ನೀವೇ ಹೇಳಿದ್ದಲ್ಲವೇ ಎಂಬ ಮಗಳ ಉತ್ತರದಲ್ಲಿ ಕನ್ನಡ ಕಡಿಮೆಯಿತ್ತು, ನ್ಯಾಯ ಕಡಿಮೆಯಿರಲಿಲ್ಲ.

೨. ಕಪ್ಪು ಬೇಡ

ನನ್ನನ್ನು ಕರೆಸುವಷ್ಟು ತಾಳ್ಮೆ ಧಣಿಗಳಿಗೆಲ್ಲಿ? ಪಕ್ಕದ ಬಿಲ್ಡಿಂಗಿನ ಟ್ಯಾಕ್ಸಿಯನ್ನು ಎದುರಿಗೆ ನಿಲ್ಲಿಸಿ, ಅದರ ಬ್ಯಾಟರಿಯಿಂದ ತಮ್ಮ ಬ್ಯಾಟರಿಗೆ ತಾವೇ ವೈರು ಹಚ್ಚಿದರು. ಚಟ್ಟನೆ ಕಿಡಿ ಹಾರಿತು, ಹಿಂದೆಯೇ ಹೊಗೆ. ನಾನು ಓಡಿಹೋಗಿ ನೋಡಿದರೆ ವೈರು ಎರಡೂ ಕೆಂಪು.

"ಧಣ್ಯಾರ, ಕರೇ ವೈರ್ ಎಲ್ಲೈತ್ರಿ?"

"ಮಗಳ ಮದುವೆ ಮಾತು ಮಾರಾಯ! ಶುಭಕಾರ್ಯಕ್ಕೆ ಕಪ್ಪು ಮುಟ್ಟುವುದುಂಟಾ? ಅದಕ್ಕೇ ಎರಡೂ ಕೆಂಪೇ ತಂದದ್ದು."

"ಹಂಗಾದ್ರ ಪ್ಲಸ್ ಯಾವುದು, ಮೈನಸ್ ಯಾವುದು, ಹೆಂಗ ಗೊತ್ತಾಗಬೇಕ್ರಿ?"

"ಶುಭಕಾರ್ಯದಲ್ಲಿ ಮೈನಸ್ ಎಂತಕ್ಕೆ?" ಎಂದರು ಧಣಿಗಳು.

೩. ಮರ್ಯಾದೆಯ ಬ್ರೇಕು

ರೇಡಿಯೋ ಸುಟ್ಟಿತ್ತು, ಒಳಗಿನ ವೈರುಗಳು ಕರಗಿ ಒಂದಕ್ಕೊಂದು ಅಂಟಿದ್ದವು. ಗಡಿಬಿಡಿಯಲ್ಲಿ ಬಿಡಿಸಿ, ಟೇಪು ಸುತ್ತಿ, ಗಾಡಿ ಚಾಲೂ ಮಾಡಿಕೊಟ್ಟೆ. ದಾರಿಯಲ್ಲಿ ಕೈಕೊಟ್ಟರೆ ಇರಲಿ ಎಂದು ಧಣಿಗಳು ನನ್ನನ್ನೂ ಹತ್ತಿಸಿಕೊಂಡರು. ಮೊದಲ ಸಿಗ್ನಲಿನಲ್ಲೇ ನನ್ನ ತಪ್ಪು ಗೊತ್ತಾಯಿತು: ಬ್ರೇಕ್ ಲೈಟಿನ ವೈರನ್ನು ಹಾರ್ನಿಗೆ ಸೇರಿಸಿಬಿಟ್ಟಿದ್ದೆ, ಬ್ರೇಕ್ ಒತ್ತಿದರೆ ಹಾರ್ನ್ ಆಗುತ್ತಿತ್ತು!

"ಹಾರ್ನಿನ ವೈರ್ ಕಿತ್ತು ಒಗೀಲೇನ್ರಿ?"

"ಒಳ್ಳೆ ಕೆಲಸಕ್ಕೆ ಹೊರಟ ಮೇಲೆ ಏನನ್ನೂ ಕೀಳಬಾರದು," ಎಂದು ಗದರಿದರು.

ಬೈಕುಲ್ಲಾದಿಂದ ಹುಡುಗನ ತಂದೆತಾಯಿಯನ್ನು ಕೂರಿಸಿಕೊಂಡು ಮರಳುವಾಗ ಎದುರಿಗೆ ಶವಯಾತ್ರೆ ಬಂತು. "ಒಳ್ಳೆ ಶಕುನ," ಎಂದು ಧಣಿಗಳು ಮರ್ಯಾದೆಯಿಂದ ಬ್ರೇಕ್ ಒತ್ತಿದರು. ಅದು ದಾಟುವ ತನಕ ಒತ್ತಿಯೇ ಕೂತರು. ಹಾರ್ನೂ ಕೂಗುತ್ತಲೇ ಇತ್ತು. ಸತ್ತವನೊಬ್ಬನನ್ನು ಬಿಟ್ಟು ಎಲ್ಲರೂ ತಿರುಗಿ ನೋಡಿದರು.

೪. ಶೀರಾದ ಜೊತೆ ಸತ್ಯ

ಮನೆಯಲ್ಲಿ ಹುಡುಗನ ತಂದೆಯ ಮುಖ ಗಂಟು ಹಾಕಿಕೊಂಡಿತ್ತು. ಶೀರಾದ ತಟ್ಟೆ ಹಿಡಿದು, "ಆ ಹಾರ್ನಿನದ್ದು ಎಂತ ಕತೆ?" ಎಂದು ಕೇಳಿದರು. ಧಣಿಗಳು ನನ್ನನ್ನು ನೋಡಿದರು, ನಾನು ಫ್ಯಾನು ನೋಡಿದೆ. ಚಹಾ ತಂದ ಮಗಳೇ ಬಾಯಿಬಿಟ್ಟಳು.

"ಅಂಕಲ್, ಲೈಟ್ ದೊಡ್ಡದು ಮೈನೇ ಕಿಯಾ. ಫಿರ್ ಪಪ್ಪಾ ಬೋಲೇ, ಕಪ್ಪು ವೈರ್ ಅಶುಭ. ದೋನೋ ಕೆಂಪು ಲಗಾಯಾ."

ಧಣಿಗಳು ಕಣ್ಣು ಮುಚ್ಚಿಕೊಂಡರು. ಮೂರನೆಯ ಸಂಬಂಧವೂ ಕೈಬಿಟ್ಟಿತೆಂದು ನಾನು ಬಾಗಿಲ ಕಡೆ ಸರಿದೆ. ಆ ಟೇಪು ಸುತ್ತಿದವನು ನಾನೇ ತಾನೇ?

ಹುಡುಗನ ತಂದೆ ಹುಡುಗಿಯನ್ನು ನೋಡಿದರು, ಧಣಿಗಳನ್ನು ನೋಡಿದರು, ನಿಧಾನವಾಗಿ ತಟ್ಟೆ ಕೆಳಗಿಟ್ಟರು.

"ಆಯ್ತು ಬೀಗರೇ, ದಿನ ನೋಡಿಸಿ. ಆದರೆ ಕರಿಮಣಿ ಮಾತ್ರ ನಾವೇ ತರುತ್ತೇವೆ. ನಿಮಗೆ ಬಿಟ್ಟರೆ ಅದನ್ನೂ ಕೆಂಪು ತಂದೀರಿ!"