ಅರ್ಧ ಸ್ವರ ಇಳಿದ ಗಿಟಾರು

ಲಿಫ್ಟ್ ಇನ್ಸ್‌ಪೆಕ್ಟರಿಗೆ ತಮ್ಮ ಕಂಠದ ಬಗ್ಗೆ ಇದ್ದಷ್ಟು ಅಭಿಮಾನ ದೇಹದ ಬೇರೆ ಯಾವ ಭಾಗದ ಬಗ್ಗೆಯೂ ಇರಲಿಲ್ಲ. ತಲೆ ಬೋಳಾಗಿತ್ತು, ಹೊಟ್ಟೆ ಮುಂದೆ ಬಂದಿತ್ತು, ಮಂಡಿ ಹೇಳಿದ ಮಾತು ಕೇಳುವುದನ್ನೇ ಬಿಟ್ಟಿತ್ತು. ಕಂಠ ಮಾತ್ರ ಮದುವೆಯ ದಿನ ಹೇಗಿತ್ತೋ ಹಾಗೇ ಇದೆ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಸಾಕ್ಷಿಗೆ ಅವರ ಬಳಿ ಒಂದು ಹಾಡಿತ್ತು, ಚಂದ್ರನನ್ನು ಕೆಳಗಿಳಿದು ಬಾ ಎಂದು ಕರೆಯುವ ಪ್ರೇಮಗೀತೆ. ಅದರ ಕೊನೆಯ ‘ಬಾ’ ತಾರಸ್ಥಾಯಿಯ ತುತ್ತತುದಿಯಲ್ಲಿ ಕೂತಿತ್ತು. ಹೆಂಡತಿ ಗಿಟಾರು ನುಡಿಸುತ್ತಿದ್ದರೆ ಇನ್ಸ್‌ಪೆಕ್ಟರು ಕಣ್ಣು ಮುಚ್ಚಿ, ಹಿಮ್ಮಡಿ ಎತ್ತಿ, ಅದನ್ನು ಮುಟ್ಟಿ ಬರುತ್ತಿದ್ದರು.

“ನಾನು ಹಾಡೋದು ಮೂಲ ಶ್ರುತಿಯಲ್ಲೇ. ಶ್ರುತಿ ಇಳಿಸಿಕೊಂಡು ಹಾಡೋದು ಹಾಡಿಗೆ ಬಗೆಯೋ ದ್ರೋಹ” ಎಂಬುದು ಅವರ ಘೋಷಣೆ. (ಆಗೆಲ್ಲ ಹೆಂಡತಿ ತಲೆ ತಗ್ಗಿಸಿ ತಂತಿ ಒರೆಸುತ್ತಿದ್ದಳು. ಅದನ್ನು ಅವರು ಪತಿಭಕ್ತಿ ಎಂದೇ ತಿಳಿದಿದ್ದರು.)

ಅವತ್ತು ಸಂಜೆ ಸಾಹೇಬರ ಬೀಳ್ಕೊಡುಗೆ. ಇಡೀ ಕಚೇರಿಯ ಮುಂದೆ ಹಾಡಬೇಕು. ಗಿಟಾರೊಂದೇ ಆದರೆ ಸಪ್ಪೆಯಾದೀತೆಂದು ಇನ್ಸ್‌ಪೆಕ್ಟರು ಬಾಮೈದನಿಗೆ ಕೀಬೋರ್ಡು ತರಲು ಹೇಳಿದ್ದರು. ಹೆಂಡತಿಗೆ ತಿಳಿಸಿರಲಿಲ್ಲ. (ಮನೆಗೊಬ್ಬ ಯಜಮಾನ ಇದ್ದಾನೆಂದು ಅಪರೂಪಕ್ಕಾದರೂ ತೋರಿಸಬೇಕಲ್ಲ.) ತಮ್ಮನು ಕೀಬೋರ್ಡು ಹೊತ್ತು ಬಾಗಿಲಲ್ಲಿ ನಿಂತದ್ದೇ ಅವಳ ಮುಖ ಬಿಳಿಚಿಕೊಂಡಿತು.

“ಇವನ್ಯಾಕೆ ಬಂದ?”

“ಸಂಗೀತ ತುಂಬಿ ಬರಲಿ ಅಂತ ನಾನೇ ಕರೆಸಿದೆ.”

“ರೀ, ಗಿಟಾರೇ ಸಾಕಿತ್ತು.”

“ನೀನು ಸುಮ್ನೆ ನುಡಿಸೇ.”

ನುಡಿಸಿದಳು. ತಮ್ಮನೂ ಕೈಯಿಟ್ಟ. ಒಂದೇ ಗೋಣಿಚೀಲಕ್ಕೆ ಎರಡು ಬೆಕ್ಕು ತುಂಬಿದಂಥ ಶಬ್ದ ಎದ್ದಿತು. ಮೂಲೆಯಲ್ಲಿ ಬೀನ್ಸ್ ಮುರಿಯುತ್ತಿದ್ದ ಇನ್ಸ್‌ಪೆಕ್ಟರ ಅತ್ತೆಯ ಕೈಯಿಂದ ಬುಟ್ಟಿ ಜಾರಿ, ಬೀನ್ಸೆಲ್ಲ ನೆಲದ ಪಾಲಾಯಿತು.

ಬಾಮೈದ ಗಿಟಾರು ಈಸಿಕೊಂಡು ಒಂದೊಂದೇ ತಂತಿ ಮೀಟಿ, ತನ್ನ ಕೀಬೋರ್ಡಿಗೆ ಹೋಲಿಸಿ ನೋಡಿದ.

“ಭಾವ, ಇದು ಅರ್ಧ ಸ್ವರ ಇಳಿದಿದೆ. ಆರು ತಂತಿನೂ ಒಂದೇ ಅಳತೆಗೆ. ತಾನಾಗಿ ಇಳಿದಿದ್ದಲ್ಲ, ಯಾರೋ ಬೇಕಂತ ಇಳಿಸಿದಾರೆ.”

ಇನ್ಸ್‌ಪೆಕ್ಟರು ಹೆಂಡತಿಯ ಕಡೆ ತಿರುಗಿದರು.

“ನಾನೇ ರೀ” ಎಂದಳು.

“ಯಾವಾಗ? ಇವತ್ತು ಬೆಳಿಗ್ಗೆಯಾ?”

“ಮದುವೆಗೆ ಮುಂಚೆ.”

ಇನ್ಸ್‌ಪೆಕ್ಟರು ಗಿಟಾರನ್ನೊಮ್ಮೆ, ಗೋಡೆಯ ಮೇಲಿನ ಮದುವೆ ಫೋಟೋವನ್ನೊಮ್ಮೆ ನೋಡಿದರು.

“ಮೊದಲನೇ ಸಲ ನಮ್ಮನೇಲಿ ಹಾಡಿದಾಗ, ‘ಬಾ’ ಬರೋ ಹೊತ್ತಿಗೆ ನಿಮ್ಮ ಕತ್ತಿನ ನರ ನೋಡಿ ಜೀವ ಬಾಯಿಗೆ ಬಂತು. ಮನುಷ್ಯ ಒಳ್ಳೆಯವರು, ಉಳಿಸಿಕೊಳ್ಳೋಣ ಅನ್ನಿಸ್ತು. ಮುಂದಿನ ಸಲ ನೀವು ಬರೋಕೆ ಮುಂಚೆ ಬಿರಡೆ ಸಡಿಲ ಮಾಡಿಟ್ಟೆ.”

ಅವರು ಸೋಫಾದಲ್ಲಿ ಕುಸಿದರು. ಮಹಡಿಯ ಮಟ್ಟಕ್ಕಿಂತ ಬೆರಳಷ್ಟು ಕೆಳಗೆ ನಿಂತ ಲಿಫ್ಟಿಗೂ ಬೀಗ ಹಾಕಿಸುವ ಮನುಷ್ಯ ಅವರು. ತಮ್ಮದೇ ಕಂಠ ಇಷ್ಟು ಕಾಲ ಕೆಳಗೇ ನಿಂತಿದ್ದು ಅವರ ತಪಾಸಣೆಗೆ ಸಿಕ್ಕಿರಲಿಲ್ಲ.

“ಅತ್ತೆ, ನಿಮಗೆ ಗೊತ್ತಿತ್ತಾ?”

ಅತ್ತೆಗೆ ನೆಲದ ಮೇಲಿನ ಬೀನ್ಸಿನಲ್ಲಿ ದಿಢೀರನೆ ವಿಪರೀತ ಆಸಕ್ತಿ ಹುಟ್ಟಿತು.

“ಏರಿಸು” ಎಂದರು ಇನ್ಸ್‌ಪೆಕ್ಟರು.

“ರೀ, ಸಂಜೆ ಕಾರ್ಯಕ್ರಮ ಇದೆ, ಗಂಟಲು...”

“ಏರಿಸು ಅಂದೆ.”

ಅವಳು ಗಿಟಾರಿನ ಆರು ಕಿವಿಯನ್ನೂ ಹಿಂಡಿ ಮೂಲ ಶ್ರುತಿಗೆ ತಂದಳು. ಹಾಡು ಶುರುವಾಯಿತು. ಗಿಟಾರೂ ಕೀಬೋರ್ಡೂ ಸಕ್ಕರೆ ಹಾಲಿನಂತೆ ಬೆರೆತವು. ಪಲ್ಲವಿ ದಾಟಿತು, ಚರಣ ದಾಟಿತು, ‘ಬಾ’ ಬಂತು. ಇನ್ಸ್‌ಪೆಕ್ಟರು ಕಣ್ಣು ಮುಚ್ಚಿ ಹಿಮ್ಮಡಿ ಎತ್ತಿದರು. ಎಣ್ಣೆ ಕಾಣದ ಕದ ಕಿರುಗುಟ್ಟಿದ ಹಾಗೆ ಏನೋ ಒಂದು ಹೊರಟು, ಅರ್ಧದಲ್ಲೇ ಉಸಿರು ಬಿಟ್ಟಿತು. ಅದು ಸತ್ತ ಜಾಗದಿಂದಲೇ ಎತ್ತಿಕೊಂಡು, ತಲೆಯನ್ನೂ ಎತ್ತದೆ, ಬೀನ್ಸ್ ಆರಿಸುತ್ತಲೇ ಅತ್ತೆ ‘ಬಾ’ ಎಂದು ನೀಟಾಗಿ ಮುಟ್ಟಿಬಿಟ್ಟರು.

ಬಾಗಿಲು ತಟ್ಟಿದ ಸದ್ದಾಯಿತು. ಕೆಳಮನೆಯಾಕೆ.

“ಯಾರಿಗಾದ್ರೂ ಏನಾದ್ರೂ ಆಯ್ತಾ? ಡಾಕ್ಟರಿಗೆ ಫೋನ್ ಮಾಡ್ಲಾ?”

ಆಕೆಯನ್ನು ಸಮಾಧಾನಪಡಿಸಿ ಕಳಿಸಿದರು. ಆಮೇಲೆ ಬಾಮೈದ ಕೀಬೋರ್ಡಿನ ಒಂದು ಬಟನ್ ಮೇಲೆ ಬೆರಳಿಟ್ಟ.

“ಭಾವ, ಬೇಕಾದ್ರೆ ಕೀಬೋರ್ಡೂ ಇಳಿಸಬಹುದು. ಈ ಬಟನ್ ಒಂದು ಸಲ ಒತ್ತಿದ್ರೆ ಅರ್ಧ ಸ್ವರ ಇಳಿಯುತ್ತೆ. ಅಕ್ಕ ಗಿಟಾರು ಮೊದಲಿನ ಹಾಗೇ ಮಾಡ್ಕೊಳ್ಳಲಿ. ಯಾರಿಗೂ ಗೊತ್ತಾಗಲ್ಲ.”

ಇನ್ಸ್‌ಪೆಕ್ಟರು ಒಂದು ಲೋಟ ನೀರು ಕುಡಿದರು. ಬಾಗಿಲ ಚಿಲಕ ಹಾಕಿದೆಯೇ ಎಂದು ಹೋಗಿ ನೋಡಿ ಬಂದರು. ಆಮೇಲೆ ಬಾಮೈದನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು:

“ಎರಡು ಸಲ ಒತ್ತಪ್ಪ.”