ಎಪ್ಪತ್ತಾರರಲ್ಲಿ ಅಗ್ಗದ ವಿಮೆ

"ಈ ಸಲ ಕಾರಿನ ವಿಮೆಯನ್ನು ಅರ್ಧ ಬೆಲೆಗೆ ಮಾಡಿಸದೇ ಹೋದರೆ ನನ್ನ ಮೀಸೆ ಬೋಳಿಸ್ಕೋತೀನಿ!" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಗುಡುಗಿದೆ.

"ಬೋಳಿಸಿ ಹತ್ತು ವರ್ಷ ಆಯ್ತಲ್ರೀ," ಎಂದಳು ಹೆಂಡತಿ, ಪಾತ್ರೆ ತೊಳೆಯುತ್ತಲೇ.

ಮೀಸೆ ಇರಲಿ, ಬಿಡಲಿ, ಮಾತು ಮಾತೇ! ಮೂವತ್ತೊಂದು ವರ್ಷ ಆಸ್ಪತ್ರೆಯ ಆಂಬುಲೆನ್ಸ್ ಓಡಿಸಿದವನು ನಾನು. ನನ್ನ ಗಾಡಿಯಲ್ಲಿ ಏಳು ಮಕ್ಕಳು ಹುಟ್ಟಿವೆ. ಒಂದು ಕೋಳಿಮರಿಯೂ ಅದರ ಚಕ್ರಕ್ಕೆ ಸಿಕ್ಕಿಲ್ಲ. ಅಂಥವನಿಗೆ, ಎಪ್ಪತ್ತಾರು ತುಂಬಿತೆಂಬ ಒಂದೇ ಅಪರಾಧಕ್ಕೆ, ಕಂಪನಿ ಹೋದ ವರ್ಷದ ಎರಡರಷ್ಟು ಕೇಳಿತ್ತು. ಆ ದುಡ್ಡಿಗೆ ವಿಮೆಯೇಕೆ, ವಿಮಾನವೇ ಬರುತ್ತಿತ್ತು! ಹಾಗಂತ ಕಾರು ಬಿಡುವಂತಿರಲಿಲ್ಲ. ಹೆಂಡತಿಯ ಮಂಡಿನೋವಿಗೆ ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗಬೇಕಿತ್ತು.

ಫೋನ್ ಹಿಡಿದು ಕುಳಿತೆ.

"ವಯಸ್ಸೆಷ್ಟು ಸಾರ್?"

"ಹದಿನಾಲ್ಕು."

"ಕಾರಿಂದಲ್ಲ ಸಾರ್, ನಿಮ್ದು."

ನನ್ನದನ್ನು ಹೇಳಿದ ಕೂಡಲೇ ಆ ಕಡೆ ಸಂಗೀತ ಶುರುವಾಗುತ್ತಿತ್ತು. ನಾಲ್ಕು ಕಂಪನಿಗಳ ಸಂಗೀತ ಕೇಳಿ ಮುಗಿಸಿದೆ. ಐದನೆಯವನು ಪುಣ್ಯಾತ್ಮ. "ಎಪ್ಪತ್ತು ದಾಟಿದವ್ರು ಡ್ರೈವಿಂಗ್ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ತಂದ್ರೆ ಅರ್ಧ ರಿಯಾಯಿತಿ ಸಾರ್," ಎಂದ.

"ಪರೀಕ್ಷೆ! ನನಗೆ! ಮೀನಿಗೆ ಈಜು ಪರೀಕ್ಷೆ!" ಎಂದು ಹೆಂಡತಿಯ ಮುಂದೆ ಕುಣಿದೆ. ಅವಳು ನಗಲಿಲ್ಲ. "ನಾನೂ ಬರ್ತೀನಿ," ಎಂದಳು.

ಎರಡು ವರ್ಷದಿಂದ ಅವಳದ್ದು ಇದೇ ರಾಗ. ನಾನು ಕ್ಷೌರಕ್ಕೆ ಹೊರಟರೂ ಕುಂಟುತ್ತಾ ಬಂದು ಕಾರು ಹತ್ತುತ್ತಿದ್ದಳು. ಹತ್ತಿದ ಮೇಲೆ ಬಾಯಿಗೆ ಬಿಡುವಿಲ್ಲ. "ಎಡಗಡೆ ಸೈಕಲ್ಲು! ಎಡಗಡೆ ಯಾರೋ ಬರ್ತಿದಾರೆ!" ಹಳೆಯ ಗಾಡಿಗೆ ಸೈರನ್ ನೆತ್ತಿಯ ಮೇಲಿತ್ತು, ಈ ಗಾಡಿಗೆ ಪಕ್ಕದ ಸೀಟಿನಲ್ಲೇ ಇದೆ ಎಂದು ಗೆಳೆಯರ ಮುಂದೆ ಹೇಳಿ ನಗಿಸುತ್ತಿದ್ದೆ.

ಪರೀಕ್ಷೆಯ ಮೈದಾನದಲ್ಲಿ ಟೋಪಿ ಹಾಕಿದ ಹುಡುಗಿಯೊಬ್ಬಳು ರಟ್ಟಿನ ಹಲಗೆ ಹಿಡಿದು ನಿಂತಿದ್ದಳು. ಅವಳೇ ಪರೀಕ್ಷಕಿ.

"ಅಮ್ಮಾ, ನೀವು ಆ ಬೆಂಚಿನ ಮೇಲೆ ಕೂತಿರಿ. ಇವ್ರ ಪಕ್ಕ ನಾನು ಕೂರಬೇಕು."

ಹೆಂಡತಿಯ ಮುಖ ಬಿಳಿಚಿತು. "ನಾನು ಹಿಂದಿನ ಸೀಟಲ್ಲಾದ್ರೂ ಕೂರ್ತೀನಮ್ಮ..."

"ಸುಮ್ನೆ ಕೂತ್ಕೊಳ್ಳೇ, ಮಾನ ಕಳೀಬೇಡ," ಎಂದೆ.

ಹೊರಟೆ. ತಿರುವುಗಳನ್ನು ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ತೆಗೆದೆ. ಹುಡುಗಿ ಏನನ್ನೋ ಬರೆಯುತ್ತಲೇ ಇದ್ದಳು. ಹೊಗಳಿಕೆಯೇ ಇರಬೇಕು! ಕೊನೆಯ ತಿರುವಿನಲ್ಲಿ ಅವಳು ಚೀರಿದಳು.

"ನಿಲ್ಸಿ!"

ನಿಲ್ಲಿಸಿದೆ. "ಯಾಕಮ್ಮ?"

"ಇಳಿದು ನೋಡಿ ಅಜ್ಜ," ಎಂದಳು ಮೆಲ್ಲಗೆ.

ಹಿಂದೆ ಮೂರು ಹಳದಿ ಕಂಬಗಳು ಉರುಳಿದ್ದವು. ಎಡಗಡೆಯ ಚಕ್ರದ ಕೆಳಗೆ, ರಸ್ತೆ ದಾಟುವ ಮಗುವಿನಂತೆ ಕತ್ತರಿಸಿ ನಿಲ್ಲಿಸಿದ್ದ ರಟ್ಟಿನ ಬೊಂಬೆ ಸಿಕ್ಕಿಕೊಂಡಿತ್ತು. ಕೈಯಲ್ಲಿ ಬಣ್ಣದ ಚೆಂಡು. ಅದು ನನಗೆ ಕಂಡೇ ಇರಲಿಲ್ಲ. ಅಂಥ ಮಕ್ಕಳನ್ನು ಎತ್ತಿಕೊಂಡು ಓಡಿದ ಕೈಗಳು ನನ್ನವು. ಬಾನೆಟ್ಟಿಗೆ ಆನಿಕೊಂಡು ನಿಂತೆ.

ಹೆಂಡತಿ ಮಂಡಿ ಹಿಡಿದುಕೊಂಡು ಮೈದಾನದುದ್ದಕ್ಕೂ ಓಡಿ ಬಂದಳು.

"ನಿಂಗೆ ಗೊತ್ತಿತ್ತಾ?" ಎಂದೆ.

"ಬಾಗಿಲಿಗೆಲ್ಲ ಎಡಭುಜ ಹೊಡ್ಕೋತಿದ್ರಿ. ಎಡಗಡೆ ಲೋಟ ಇಟ್ರೆ ಬೀಳಿಸ್ತಿದ್ರಿ. ಡಾಕ್ಟರ ಹತ್ರ ಹೋಗೋಣ ಅಂದ್ರೆ ಕೂಗಾಡ್ತಿದ್ರಿ."

"ಗಟ್ಟಿಯಾಗಿ ಹೇಳಬಾರದಿತ್ತಾ?"

"ಹೇಳಬೇಕಿತ್ತು. ತಪ್ಪು ನಂದೂ ಇದೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಕಾರು ಬಿಡಿಸಿದ್ರೆ ನೀವು ಒಂದು ಮೂಲೇಲಿ ಕೂತುಬಿಡ್ತೀರಿ ಅಂತ ಭಯ ಆಯ್ತು ಕಣ್ರೀ."

ಅವತ್ತು ಪರೀಕ್ಷಕಿಯೇ ನಮ್ಮನ್ನು ಮನೆಗೆ ತಂದು ಬಿಟ್ಟಳು. ಮರುದಿನ ಕಣ್ಣಿನ ಡಾಕ್ಟರು, ಎಡಗಡೆಯ ನೋಟ ಹೋಗಿದೆ, ಮರಳಿ ಬರುವುದಿಲ್ಲ, ಉಳಿದಿದ್ದನ್ನು ಉಳಿಸಿಕೊಳ್ಳಲು ಹನಿ ಹಾಕಿಕೊಳ್ಳಿ ಎಂದರು. ಆ ವಾರವೇ ಕಾರು ಮಾರಿದೆವು. ಕೊಂಡವನು ಗೇಟು ದಾಟಿಸುವವರೆಗೆ ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಮಗುವಿನಂತೆ ಅತ್ತೆ.

ಮಂಗಳವಾರ ಆಸ್ಪತ್ರೆಗೆ ಬಸ್ಸಿನಲ್ಲಿ ಹೊರಟೆವು. ಕಿಟಕಿಯ ಪಕ್ಕ ಅವಳು. ಎರಡು ಸ್ಟಾಪು ಕಳೆಯುವುದರೊಳಗೆ ನನ್ನ ಭುಜಕ್ಕೆ ತಲೆಯಿಟ್ಟು, ಬಾಯಿ ತೆರೆದುಕೊಂಡು ಗಾಢವಾಗಿ ನಿದ್ದೆ ಹೋದಳು. ರಸ್ತೆ ಕಾಯುವ ಕೆಲಸ ಈಗ ಬಸ್ಸಿನ ಡ್ರೈವರನದು. ಎಷ್ಟು ದಣಿದಿದ್ದಳೋ ಪಾಪ! ಆಸ್ಪತ್ರೆ ಬಂತು, ಹೋಯಿತು. ನಾನು ಅಲುಗಾಡಲಿಲ್ಲ.

ಕೊನೆಯ ನಿಲ್ದಾಣದಲ್ಲಿ ಕಣ್ಣುಬಿಟ್ಟು ಸುತ್ತ ನೋಡಿದವಳು ಇಡೀ ಬಸ್ಸಿಗೆ ಕೇಳುವಂತೆ ಕೂಗಿದಳು:

"ಅಯ್ಯೋ ರಾಮಾ! ಗಾಡಿ ಓಡಿಸೋದಿರಲಿ, ನಿಮಗೆ ಬಸ್ಸಿಂದ ಇಳಿಯೋಕೂ ಬರಲ್ವೇನ್ರೀ?"