ಗುಣಮುಖರ ಕೊಠಡಿ

ನಲ್ಲಿಯಲ್ಲಿ ನೀರು ಬಾರದಿರುವುದಕ್ಕೂ ದೂರು ಸ್ವೀಕರಿಸುವ ನೌಕರರ ಮುಖಚರ್ಮಕ್ಕೂ ನೇರ ಸಂಬಂಧವಿದೆ ಎಂಬುದನ್ನು ನಗರ ನೀರು ಸರಬರಾಜು ಕಚೇರಿಯು ಅಧಿಕೃತವಾಗಿ ಒಪ್ಪಿಕೊಂಡಿದೆ. ಈ ಸಂಬಂಧ ಪತ್ತೆಯಾದ ಬಗೆಯನ್ನೂ ಅದರಿಂದ ಸಾರ್ವಜನಿಕರಿಗಾದ ಪ್ರಯೋಜನವನ್ನೂ ತಿಳಿಯಬಯಸುವವರಿಗಾಗಿ, ನಡೆದದ್ದನ್ನು ನಡೆದ ಹಾಗೆ ಇಲ್ಲಿ ಹೇಳಲಾಗಿದೆ.

ಕಚೇರಿಯ ನೆಲಮಹಡಿಯಲ್ಲಿ ಮೆಟ್ಟಿಲಿನ ಪಕ್ಕಕ್ಕೆ ದೂರು ಕೌಂಟರ್ ಇದೆ. ಮುಂದೆ ಗಾಜು. ಗಾಜಿನಲ್ಲಿ ಮಾತು ಒಳಬರಲೊಂದು ಗುಂಡು ತೂತು, ಅರ್ಜಿ ಒಳಬರಲೊಂದು ಸೀಳು. ನೀರು ಹೊರಹೋಗಲು ಯಾವ ವ್ಯವಸ್ಥೆಯೂ ಇಲ್ಲ. ಆ ಗಾಜಿನ ಹಿಂದೆ ಕೂರುತ್ತಿದ್ದ ಗುಮಾಸ್ತೆಯನ್ನು ಊರಿಗೆ ಊರೇ ದೂರಕ್ಕ ಎಂದು ಕರೆಯುತ್ತಿತ್ತು. ಹರೆಯದಲ್ಲಿ ಎದ್ದ ಮೊಡವೆಗಳು ಆಕೆಯ ಎರಡೂ ಕೆನ್ನೆಗಳಲ್ಲಿ ಗುಳಿ ಬಿಟ್ಟು ಹೋಗಿದ್ದವು. ಗುಂಪಿನ ಫೋಟೋ ತೆಗೆಯುವಾಗ ಆಕೆ ತಾನಾಗಿಯೇ ಹಿಂದಿನ ಸಾಲಿಗೆ ಸರಿದು, ಎತ್ತರದ ಯಾರದಾದರೂ ಹೆಗಲ ಮರೆಯಲ್ಲಿ ನಿಲ್ಲುತ್ತಿದ್ದಳು. ಮದುವೆಯ ಫೋಟೋದಲ್ಲಿ ಮಾತ್ರ ಹಾಗೆ ಮಾಡಲಾಗಿರಲಿಲ್ಲ. ಆ ಫೋಟೋ ಬೀರುವಿನ ಒಳಗಿತ್ತು.

ದೂರುಗಳು ಹೆಚ್ಚಾದವೆಂದು ಕಚೇರಿಯು ಒಂದು ಸಲಹಾ ಸಂಸ್ಥೆಯಿಂದ ಅಧ್ಯಯನ ಮಾಡಿಸಿತು. ಟೈ ಕಟ್ಟಿದ ಇಬ್ಬರು ಬಂದು ಕೌಂಟರಿನ ಎದುರು ಕುರ್ಚಿ ಹಾಕಿಕೊಂಡು ಕೂತು, ಜನ ಸಿಟ್ಟಾಗುವುದನ್ನು ನೋಡಿಕೊಂಡು ಹೋದರು. ವರದಿಯ ಸಾರಾಂಶ ಹೀಗಿತ್ತು: "ಪೈಪುಗಳು ನೆಲದೊಳಗಿದ್ದು ಸಾರ್ವಜನಿಕರಿಗೆ ಕಾಣುವುದಿಲ್ಲ. ಕಾಣುವುದು ಮುಖ ಮಾತ್ರ. ಆದುದರಿಂದ ದುರಸ್ತಿಯು ಮುಖದಿಂದಲೇ ಪ್ರಾರಂಭವಾಗತಕ್ಕದ್ದು."

ಮುಖ್ಯ ಇಂಜಿನಿಯರು ದೂರಕ್ಕನನ್ನು ಕರೆಸಿದರು.

"ಕೂತ್ಕೊಳ್ಳಮ್ಮ. ನಿಮ್ಮ ಮುಖ ಮಂಜೂರಾಗಿದೆ."

"ಏನಂದ್ರಿ ಸಾರ್?"

"ಲೇಸರ್ ಚಿಕಿತ್ಸೆ. ಮೇಲಿನ ಚರ್ಮ ತೆಗೆದು ಹೊಸದು ಬರಿಸ್ತಾರೆ. ಮುಖಕ್ಕೇಂತ ನಮ್ಮಲ್ಲಿ ಅನುದಾನ ಇಲ್ಲ, ಹಾಗಾಗಿ ರಸ್ತೆಗಳ ಮೇಲ್ಮೈ ದುರಸ್ತಿಯಲ್ಲಿ ಸೇರಿಸಿದ್ದೀವಿ."

"ನೋಯುತ್ತಾ ಸಾರ್?"

"ರಸ್ತೆ ನೋವು ಅಂದದ್ದನ್ನ ನಾನಂತೂ ಇದುವರೆಗೆ ಕೇಳಿಲ್ಲ."

ದೂರಕ್ಕನಿಗೆ ಅವಮಾನವಾಗಬೇಕಿತ್ತು. ಆಗಲಿಲ್ಲ. ಸಾಹೇಬರ ಕೊಠಡಿಯಿಂದ ಹೊರಬಂದವಳು ಕೈತೊಳೆಯುವ ಜಾಗದ ಕನ್ನಡಿಯ ಮುಂದೆ ನಿಂತು, ಕೆನ್ನೆಯನ್ನು ಎರಡು ಬೆರಳುಗಳಿಂದ ಹಿಗ್ಗಿಸಿ, ಗುಳಿಗಳಿಲ್ಲದಿದ್ದರೆ ಹೇಗಿರುತ್ತದೆಂದು ನೋಡಿಕೊಂಡಳು. ಎಷ್ಟೋ ವರ್ಷಗಳಿಂದ ಆಸೆಪಡಲೂ ಅಂಜಿದ್ದ ವಸ್ತು ರಸ್ತೆ ದುರಸ್ತಿಯ ಹೆಸರಿನಲ್ಲಿ ತಾನಾಗಿ ಬಂದಿತ್ತು.

ಮನೆಯಲ್ಲಿ ಗಂಡ, "ನಂಗೇನೂ ಗುಳಿ ಗಿಳಿ ಕಂಡಿಲ್ಲ ಕಣೇ," ಎಂದ.

"ನೋಡಿದ್ರೆ ತಾನೇ ಕಾಣೋಕೆ," ಎಂದಳು.

ಅತ್ತೆ ಮಾತ್ರ, "ಬಿಟ್ಟಿ ಸಿಗೋದಾದ್ರೆ ನನ್ನ ಮಂಡಿಗೂ ಆಗುತ್ತಾ ಕೇಳು," ಎಂದರು.

ಚರ್ಮದ ಡಾಕ್ಟರು ಮುಖಕ್ಕೆಲ್ಲ ಮರಗಟ್ಟಿಸುವ ಮುಲಾಮು ಸವರಿ, ಕಣ್ಣಿಗೆ ಲೋಹದ ಮುಚ್ಚಳ ಇಟ್ಟರು. ಆಮೇಲೆ ಕೂದಲು ಸುಟ್ಟ ವಾಸನೆ. ಕಾದ ಸೂಜಿಗಳನ್ನು ಯಾರೋ ಸಾಲುಸಾಲಾಗಿ ಚುಚ್ಚಿಕೊಂಡು ಹೋದಂತಾಯಿತು. ಮುಗಿದ ಮೇಲೆ ಡಾಕ್ಟರು ಹೇಳಿದರು: "ಊದುತ್ತೆ, ರಸ ಒಸರುತ್ತೆ, ಹೆದರಬೇಡಿ. ಉಪ್ಪುನೀರಿನ ಬಟ್ಟೆ ಇಟ್ಟು, ಮೇಲೆ ದಪ್ಪಗೆ ಮುಲಾಮು ಬಳಿಯಿರಿ. ದಿಂಬು ಎತ್ತರ ಮಾಡಿ ಮಲಗಿ. ಹೊಪ್ಪಳೆ ಏಳುತ್ತೆ, ಉಗುರು ತಾಗಿಸಬೇಡಿ. ನಗಬೇಡಿ, ಹುಬ್ಬು ಗಂಟಿಕ್ಕಬೇಡಿ, ಜಾಸ್ತಿ ಮಾತಾಡಬೇಡಿ. ಬಿಸಿಲಂತೂ ಕೂಡದೇ ಕೂಡದು. ಮನೇಲಿದ್ದು ಆರಾಮ ಮಾಡಿ."

ಕೊನೆಯ ಸಲಹೆಯನ್ನು ಪಾಲಿಸಲಾಗಲಿಲ್ಲ. ರಜೆಯನ್ನು ಕಾಯಿಲೆಗೆ ಮಾತ್ರ ಕೊಡತಕ್ಕದ್ದು. ಇದು ಕಾಯಿಲೆಯಲ್ಲ, ಕಾಮಗಾರಿ. ಕಾಮಗಾರಿಯ ಕಾರಣಕ್ಕೆ ಸೇವೆಯನ್ನು ಸ್ಥಗಿತಗೊಳಿಸುವಂತಿಲ್ಲ. ಹೀಗೆಂದು ಕಚೇರಿ ತಿಳಿಸಿತು. ದೂರಕ್ಕ ದೊಡ್ಡ ಟೋಪಿ ಹಾಕಿಕೊಂಡು, ಬೇಯಿಸಿದ ಬೀಟ್‌ರೂಟಿನಂತಿದ್ದ ಮುಖಕ್ಕೆ ಮುಲಾಮು ಮೆತ್ತಿಕೊಂಡು, ಕಣ್ಣು ಸೀಳಿನಷ್ಟೇ ತೆರೆದು, ಗಾಜಿನ ಹಿಂದೆ ಬಂದು ಕೂತಳು. ಮೇಲೆ ಫಲಕ ತೂಗುಹಾಕಲಾಯಿತು:

"ಸಾರ್ವಜನಿಕರ ಗಮನಕ್ಕೆ. ಕೌಂಟರಿನ ಮೇಲ್ಮೈ ಕಾಮಗಾರಿ ಪ್ರಗತಿಯಲ್ಲಿದೆ. ಅಡಚಣೆಗಾಗಿ ವಿಷಾದಿಸುತ್ತೇವೆ. ನೌಕರರನ್ನು ನಗಿಸತಕ್ಕದ್ದಲ್ಲ."

ಮೊದಲು ಬಂದವರು ನಿವೃತ್ತ ಗಣಿತದ ಮೇಷ್ಟ್ರು. ಅವರ ಮನೆಯ ನಲ್ಲಿ ತಿರುಗಿಸಿದರೆ ಬಹಳ ಕಾಲದಿಂದ ಗಾಳಿ ಮಾತ್ರ ಬರುತ್ತಿತ್ತು. ಅವರು ದೂರದಿಂದಲೇ ಕೈ ಬೀಸುತ್ತಾ ಬಂದರು.

"ಏನ್ರೀ, ನಿಮಗೆ ಮಾನ ಮರ್ಯಾದೆ... ಅಯ್ಯೋ! ಏನಾಯ್ತಮ್ಮ ಇದು? ಸ್ಟವ್ ಸಿಡೀತಾ?"

ದೂರಕ್ಕ ಇಲ್ಲವೆಂದು ತಲೆಯಾಡಿಸಿದಳು.

ಮೇಷ್ಟ್ರು ದನಿ ತಗ್ಗಿಸಿದರು. "ಯಜಮಾನರಾ?"

ಮತ್ತೆ ತಲೆಯಾಡಿಸಿ, ಬೆರಳಿನಿಂದ ಫಲಕ ತೋರಿಸಿದಳು. ಮೇಷ್ಟ್ರು ಅದನ್ನು ಎರಡೆರಡು ಸಲ ಓದಿದರು.

"ಕಚೇರಿಯವರೇ ಮಾಡಿಸಿದ್ರಾ?"

ಹೌದೆಂದು ತಲೆಯಾಡಿಸಿದಳು. ಅದು ಸತ್ಯವೇ ಆಗಿತ್ತು.

"ಯಾಕೆ? ದೂರು ಜಾಸ್ತಿ ಆಯ್ತು ಅಂತಾನಾ?"

ಅದೂ ಸತ್ಯವೇ. ದೂರಕ್ಕ ತಲೆಯಾಡಿಸಿದಳು. ವಿವರಿಸಬೇಕೆಂದು ಬಾಯಿ ತೆರೆದಳು. ತುಟಿಯ ಅಂಚು ಉರಿದು ಕಣ್ಣಲ್ಲಿ ನೀರು ಬಂತು.

ಮೇಷ್ಟ್ರು ಕೈಯಲ್ಲಿದ್ದ ಅರ್ಜಿಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಸೇರಿಸಿದರು. "ನಮ್ಮ ನಲ್ಲಿ ಮನೆ ಹಾಳಾಗ್ಲಿ ಬಿಡಿ. ನೀವು ಮೊದಲು ಹುಷಾರಾಗಿ ತಾಯಿ," ಎಂದು, ಹಿಂದೆ ನಿಂತಿದ್ದವರನ್ನೂ ತಡೆದು ಕರೆದುಕೊಂಡು ಹೋದರು.

ದೂರು ಹೆಚ್ಚಾದರೆ ಗುಮಾಸ್ತೆಯ ಮುಖ ಸುಡುತ್ತಾರೆಂಬ ಸುದ್ದಿ ಸಂಜೆಯೊಳಗೆ ಊರು ಸುತ್ತಿ ಬಂತು. ಸುದ್ದಿಗೆ ಆಧಾರವಿಲ್ಲವೆಂದು ಪ್ರಕಟಣೆ ಕೊಡಬೇಕೆಂಬ ಸಲಹೆ ಬಂದಾಗ, ಮುಖ್ಯ ಇಂಜಿನಿಯರು ಅದನ್ನು ಪರಿಶೀಲನೆಗೆ ಇಟ್ಟುಕೊಂಡರು. ಅದು ಈಗಲೂ ಪರಿಶೀಲನೆಯಲ್ಲಿದೆ. ಜನ ಕೌಂಟರಿಗೆ ಬರುತ್ತಿದ್ದರು, ದೂರು ಕೊಡುತ್ತಿರಲಿಲ್ಲ. "ಇವತ್ತು ಊತ ಇಳಿದಿದೆ," "ಗಲ್ಲದ ಹತ್ರ ಸಿಪ್ಪೆ ಎದ್ದಿದೆ, ಕೀಳಬೇಡಿ," ಎಂದು ತೂತಿನಲ್ಲಿ ಹೇಳಿ, ಒಂದು ಹಣ್ಣನ್ನೋ ಮೆತ್ತನೆ ಕರವಸ್ತ್ರವನ್ನೋ ಸೀಳಿನಲ್ಲಿ ತೂರಿಸಿ ಹೋಗುತ್ತಿದ್ದರು. ದೂರಿಲ್ಲದ ಕಚೇರಿ ಎಂದು ಮೇಲಿನವರಿಂದ ಪ್ರಶಸ್ತಿ ಬಂತು. ಮುಖ್ಯ ಇಂಜಿನಿಯರು ಅದನ್ನು ಸ್ವೀಕರಿಸುವಾಗ, ಇದು ಎಲ್ಲರ ಪರಿಶ್ರಮದ ಫಲ ಎಂದರು.

ಅಷ್ಟರಲ್ಲಿ ಅನಾಹುತವಾಯಿತು. ದೂರಕ್ಕನಿಗೆ ವಾಸಿಯಾಯಿತು.

ಕಂದು ಹೊಪ್ಪಳೆಗಳು ಒಂದೊಂದಾಗಿ ಕಳಚಿ, ಅಡಿಯಲ್ಲಿ ಎಳೆಗುಲಾಬಿ ಬಣ್ಣದ ಚರ್ಮ ಬಂತು. ಗುಳಿಗಳು ಪೂರ್ತಿ ಹೋಗಿರಲಿಲ್ಲ, ಆದರೆ ಈಗ ಹುಡುಕಬೇಕಿತ್ತು. ಅತ್ತೆ ಕೈಬೆರಳ ಹಿಂಭಾಗದಿಂದ ಮೆಲ್ಲಗೆ ಮುಟ್ಟಿ, "ಕೂಸಿನ ಕೆನ್ನೆ ಥರ ಇದೆಯಲ್ಲೇ," ಎಂದರು. ಗಂಡ ಬಹಳ ಹೊತ್ತು ನೋಡಿ, ಬೀರು ತೆರೆದು ಮದುವೆಯ ಫೋಟೋ ತೆಗೆದು, ಒರೆಸಿ, ಗೋಡೆಗೆ ಮೊಳೆ ಹೊಡೆದ. "ಆ ಮುಖಾನೂ ನಂಗೆ ಬೇಕು ಕಣೇ," ಎಂದ. ದೂರಕ್ಕ ಅಡುಗೆಮನೆಗೆ ಹೋಗಿ ಸ್ವಲ್ಪ ಅತ್ತಳು. ಈಗ ಅಳಬಹುದಿತ್ತು, ಉರಿಯುತ್ತಿರಲಿಲ್ಲ.

ಮಾರನೆಯ ದಿನ ಆಕೆ ಜೀವನದಲ್ಲಿ ಮೊದಲ ಸಲ ತಲೆ ಎತ್ತಿಕೊಂಡು ಕೌಂಟರಿನಲ್ಲಿ ಕೂತಳು. ಸಾಲು ಮೆಟ್ಟಿಲು ದಾಟಿ ಬೀದಿಗೆ ಬಂದಿತ್ತು.

"ತುಂಬಾ ಸಂತೋಷ ತಾಯಿ, ಲಕ್ಷಣವಾಗಿ ಕಾಣ್ತೀರಿ," ಎಂದರು ಮೇಷ್ಟ್ರು. "ಈಗ ಬರ್ಕೊಳ್ಳಿ. ನಲ್ಲಿಯಲ್ಲಿ ಗಾಳಿ."

ಅವರ ಹಿಂದಿದ್ದ ಹೆಂಗಸು ಅಷ್ಟು ಸಂತೋಷಪಡಲಿಲ್ಲ. "ನಮ್ಮನೇಲಿ ಮುಖ ತೊಳೆಯೋಕೆ ನೀರಿಲ್ಲ, ಇವರ ಮುಖ ನೋಡಿ ಹೆಂಗೆ ಹೊಳೀತಿದೆ! ನಮ್ಮ ನೀರೆಲ್ಲ ಎಲ್ಲಿ ಹೋಗ್ತಿದೆ ಅಂತ ಈಗ ಗೊತ್ತಾಯ್ತು!"

ತಡೆದಿಟ್ಟುಕೊಂಡ ದೂರುಗಳೆಲ್ಲ ಒಮ್ಮೆಗೇ ಬಂದು ಬಿದ್ದವು. ಮಧ್ಯಾಹ್ನದ ಹೊತ್ತಿಗೆ ಮುಖ್ಯ ಇಂಜಿನಿಯರು ಕರೆಸಿದರು.

"ಇನ್ನೊಂದು ಸಲ ಮಾಡಿಸ್ಕೊಂಡುಬಿಡಿ."

"ಈಗ ಚೆನ್ನಾಗಿದೆಯಲ್ಲ ಸಾರ್?"

"ಅದೇ ತೊಂದರೆ. ವೈಯಕ್ತಿಕವಾಗಿ ನಂಗೆ ಖುಷಿಯೇ. ಆದ್ರೆ ಸಾರ್ವಜನಿಕ ಹಿತದೃಷ್ಟಿಯಿಂದ ನಿಮ್ಮ ಮುಖ ಸ್ವಲ್ಪ ಕೆಡಬೇಕು."

ದೂರಕ್ಕ ಎದ್ದು ನಿಂತಳು. "ಬೇಕಾದ್ರೆ ಕೆಲಸದಿಂದ ತೆಗೀರಿ. ಈ ಮುಖಕ್ಕೆ ಬೆಂಕಿ ಇಡೋಕೆ ಇನ್ನು ಯಾರನ್ನೂ ನಾನು ಬಿಡಲ್ಲ," ಎಂದಳು. ತನ್ನ ದನಿ ತನಗೇ ಹೊಸದೆನಿಸಿತು. ಇಂಜಿನಿಯರಿಗೆ ಅದು ಕೇಳಿಸಿತೋ ಇಲ್ಲವೋ, ಅವರು ಆಗಲೇ ಬೇರೆ ದಾರಿ ಯೋಚಿಸುತ್ತಿದ್ದರು.

ಸುತ್ತೋಲೆ ಹೊರಟಿತು: "ಗುಣಮುಖರಾದ ನೌಕರರು ಸಾರ್ವಜನಿಕ ಸಂಪರ್ಕಕ್ಕೆ ಅನರ್ಹರು. ಅಂಥವರನ್ನು ಮೇಲ್ಮಹಡಿಯ ಗುಣಮುಖರ ಕೊಠಡಿಗೆ ವರ್ಗಾಯಿಸತಕ್ಕದ್ದು. ಕೌಂಟರಿನಲ್ಲಿ ಸದಾಕಾಲ ಒಂದು ಹಸಿಮುಖ ಇರತಕ್ಕದ್ದು."

ಮೊದಲು ಮುಂದೆ ಬಂದವಳು ಹಣೆಯ ಮೇಲೆ ಸಣ್ಣದೊಂದು ಕಲೆಯಿದ್ದ ಟೈಪಿಸ್ಟ್ ಹುಡುಗಿ. "ತುಂಬಾ ಉರಿಯುತ್ತಾ ಅಕ್ಕ?" ಎಂದು ದೂರಕ್ಕನನ್ನೇ ಕೇಳಿದಳು.

ಬೇಡ ಕಣೇ ಎಂಬ ಮಾತು ದೂರಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹುಡುಗಿಯ ಕಣ್ಣು ತನ್ನ ಕೆನ್ನೆಯ ಮೇಲೆಯೇ ನೆಟ್ಟಿದ್ದನ್ನು ನೋಡಿದಳು. ಯಾರೂ ಆ ಕೆನ್ನೆಯನ್ನು ಅಷ್ಟು ಆಸೆಯಿಂದ ನೋಡಿರಲಿಲ್ಲ. "ಉರಿಯುತ್ತೆ. ಆಮೇಲೆ ಹೋಗುತ್ತೆ," ಎಂದಳು. ಬೇಡ ಅನ್ನಬೇಕಿತ್ತೇನೋ ಎಂದು ಮನೆಗೆ ಹೋಗುವ ಬಸ್ಸಿನಲ್ಲಿ ಅನ್ನಿಸಿತು. ಅಷ್ಟರಲ್ಲಿ ಅವಳ ನಿಲ್ದಾಣ ಬಂತು.

ಟೈಪಿಸ್ಟ್ ಹುಡುಗಿಯ ನಂತರ ಅಂಚೆ ವಿಭಾಗದವಳು, ಆಮೇಲೆ ಉಗ್ರಾಣದವಳು. ಪಾಳಿಯಲ್ಲಿ ಅನ್ಯಾಯವಾಗುತ್ತಿದೆಯೆಂದು ನೌಕರರ ಸಂಘ ಧರಣಿ ಕೂತಿತು. "ಸುಡುವುದರಲ್ಲಿ ತಾರತಮ್ಯ ಸಲ್ಲದು! ಸೇವಾ ಹಿರಿತನದಂತೆ ಸುಡಿ!" ಎಂಬ ಘೋಷಣೆಗೆ ಕಚೇರಿ ಮಣಿಯಿತು. ಗಂಡಸರಿಗೂ ಅವಕಾಶ ಸಿಕ್ಕಿತು.

ಗುಣಮುಖರ ಕೊಠಡಿ ಒಳ್ಳೆಯ ಕೊಠಡಿ. ಹೊಸ ಚರ್ಮಕ್ಕೆ ಬಿಸಿಲಾಗದೆಂದು ಕಿಟಕಿಗಳಿಗೆ ದಪ್ಪ ಪರದೆ. ಹೊರಗಿನವರಿಗೆ ಪ್ರವೇಶವಿಲ್ಲ. ಒಳಗೆ ನುಣುಪು ಮುಖದವರೆಲ್ಲ ಎದುರುಬದುರು ಕೂತು, ಬೇರೆ ಯಾರೂ ನೋಡದ ತಮ್ಮ ಮುಖಗಳನ್ನು ತಮ್ಮತಮ್ಮಲ್ಲೇ ಹೊಗಳಿಕೊಳ್ಳುತ್ತ ಕಡತಕ್ಕೆ ದಾರ ಕಟ್ಟುತ್ತಾರೆ. ದೂರಕ್ಕ ಅಲ್ಲಿ ಎಲ್ಲರಿಗಿಂತ ಹಿರಿಯಳು. ಗುಂಪಿನ ಫೋಟೋ ತೆಗೆದಾಗ ಮುಂದಿನ ಸಾಲಿನ ನಡುವೆ ಕೂತಳು. ಕತ್ತಲೆಯಿಂದಾಗಿ ಫೋಟೋ ಸರಿಯಾಗಿ ಬರಲಿಲ್ಲ.

ಒಂದು ದಿನ ಆ ಕೊಠಡಿಯ ನಲ್ಲಿಯಲ್ಲೂ ನೀರು ನಿಂತಿತು. ಮುಖ ತೊಳೆದು ಕ್ರೀಮು ಹಚ್ಚುವ ಹೊತ್ತು. ಎಲ್ಲರಿಗೂ ರೇಗಿತು.

"ಇದೇನು ಕಚೇರಿನಾ ಅಥವಾ ಮರಳುಗಾಡಾ? ಬನ್ರೇ, ದೂರು ಕೊಟ್ಟೇಬಿಡೋಣ," ಎಂದು ದೂರಕ್ಕನೇ ಮುಂದಾದಳು. ಎಲ್ಲರೂ ದಡದಡ ಮೆಟ್ಟಿಲಿಳಿದು ಸಾಲಿನಲ್ಲಿ ನಿಂತರು.

ಗಾಜಿನ ಹಿಂದೆ ಮೀಟರಣ್ಣ ಇದ್ದ. ಮನೆಮನೆ ತಿರುಗಿ ನೀರಿನ ಮೀಟರು ಓದುತ್ತಿದ್ದ ಮನುಷ್ಯ. ಬಿಸಿಲಿಗೆ ಕಪ್ಪಿಟ್ಟಿದ್ದ ಮುಖವನ್ನು ಆ ವಾರವಷ್ಟೇ ಸುಡಿಸಿಕೊಂಡಿದ್ದ. ಒಂದು ಕಣ್ಣು ಪೂರಾ ಮುಚ್ಚಿತ್ತು. ಗಲ್ಲದ ಮೇಲೆ ರಸ ಒಣಗಿ ಹಳದಿ ಗೆರೆಯಾಗಿತ್ತು.

ದೂರಕ್ಕ ತೂತಿಗೆ ಬಾಯಿ ಹಚ್ಚಿದಳು. "ಉಪ್ಪುನೀರಿನ ಬಟ್ಟೆ ಇಟ್ಕೊಂಡಿಲ್ವೇನೋ ಅಣ್ಣಯ್ಯ? ಹೀಗೆ ಒಣಗೋಕೆ ಬಿಡ್ತಾರಾ?"

ಮೀಟರಣ್ಣ ತುಟಿ ಅಲುಗಿಸದೆ ಹೇಳಿದ: "ನೀರು ಬಂದಿಲ್ಲ ಅಕ್ಕ."

ಸಾಲಿನಲ್ಲಿ ಖಾಲಿ ಕೊಡ ಹಿಡಿದು ನಿಂತಿದ್ದ ಒಬ್ಬಾಕೆ ತನ್ನ ಚೀಲದಿಂದ ಕುಡಿಯುವ ನೀರಿನ ಬಾಟಲಿ ತೆಗೆದು ಕೊಟ್ಟಳು. ದೂರಕ್ಕ ಪಕ್ಕದ ಬಾಗಿಲಿನಿಂದ ಒಳಗೆ ಹೋಗಿ, ನೀರಿಗೆ ಉಪ್ಪು ಕದಡಿ, ಬಟ್ಟೆ ನೆನೆಸಿ ಅವನ ಮುಖದ ಮೇಲೆ ಹಗುರವಾಗಿ ಇಟ್ಟಳು. ಅವನ ಹೆಗಲು ಸಡಿಲವಾದದ್ದು ಗಾಜಿನ ಹೊರಗಿನವರಿಗೂ ಕಂಡಿತು. "ಸದ್ಯ," ಎಂದರು ಎಲ್ಲರೂ.

"ನಿಮ್ಮದೇನು ದೂರು ಅಕ್ಕ?" ಎಂದು ಬಟ್ಟೆಯ ಅಡಿಯಿಂದ ಮೀಟರಣ್ಣ ಕೇಳಿದ.

"ನಮ್ಮದೇನಿದೆ ಮಾರಾಯ, ಸುಮ್ಮನೆ ನಿನ್ನ ನೋಡ್ಕೊಂಡು ಹೋಗೋಣ ಅಂತ ಬಂದ್ವಿ," ಎಂದಳು ದೂರಕ್ಕ.

ಕೊಡ ಹಿಡಿದಿದ್ದಾಕೆಯೂ ತಾನು ಅದಕ್ಕೇ ಬಂದದ್ದೆಂದು ಹೇಳಿ, ಖಾಲಿ ಬಾಟಲಿಯನ್ನು ಕೊಡದೊಳಗೆ ಹಾಕಿಕೊಂಡು ಮನೆಗೆ ಹೊರಟಳು.